ನೀರಿನ ಮ್ಯೂಸಿಯಂ ನಮ್ಗೂ ಬೇಕು, ಕೆರೆ ನೀರು ಹಂಚೋ ನೀರುಗಂಟಿಗಳು ಇರೋವಾಗ್ಲೇ

ಸ್ಕಿಪೋಲ್ ಏರ್‌ಪೋರ್ಟಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್ ನೋಡೋಕೆ ಹೋಗೋ ನಮ್ಮ ಜನ ಎಷ್ಟೋ, ಆದ್ರೆ ತಾವು ಇಳಿದಿರೋದು ಒಂದು ಸರೋವರದ ತಳದಲ್ಲಿ ಅಂತ ಬಹಳ ಜನಕ್ಕೆ ಗೊತ್ತೇ ಇರಲ್ಲ. ನಿಜವಾಗ್ಲೂ ತಳ. ಅಲ್ಲಿ ಹಾರ್ಲೆಮ್ಮರ್‌ಮೇರ್ ಅಂತ ಸುಮಾರು 18,000 ಹೆಕ್ಟೇರ್, ಅಂದ್ರೆ ನಮ್ಮ ಲೆಕ್ಕದಲ್ಲಿ ಹತ್ರತ್ರ 45,000 ಎಕರೆ ನೀರಿತ್ತು, ಹಡಗು ಓಡಾಡ್ತಿದ್ವು. ಈಗ ಅದೇ ಜಾಗದಲ್ಲಿ ರನ್‌ವೇ, ಗೋಧಿ ಹೊಲ, ನಾವು ಬಾಡಿಗೆಗಿರೋ ಹೋಫ್ಡೋರ್ಪ್ ಊರು, ಮಗಳ ಸ್ಕೂಲು ಎಲ್ಲಾ ಇದೆ, ಸಮುದ್ರ ಮಟ್ಟಕ್ಕಿಂತ ಮೂರು ನಾಕು ಮೀಟರ್ ಕೆಳಗೆ.

ಆ ಸರೋವರ ಖಾಲಿ ಮಾಡಿದ ಪಂಪ್‌ಹೌಸ್‌ಗಳಲ್ಲಿ ಒಂದು ಈಗ ಮ್ಯೂಸಿಯಂ. ಕ್ರೂಕ್ವಿಯಸ್ ಅಂತ ಹೆಸರು. ಅಪ್ಪ ಅಮ್ಮ ಮುಳಬಾಗಿಲು ಕಡೆಯಿಂದ ಬಂದಿದ್ರು, ಟುಲಿಪ್ ತೋಟ, ಗಾಳಿಗಿರಣಿ ಎಲ್ಲಾ ಆಗಿತ್ತು, ಅಪ್ಪಂಗೆ ಅದ್ಯಾವುದೂ ಅಷ್ಟು ಹಿಡಿಸಿರ್ಲಿಲ್ಲ. ಕೆರೆ ಬಯಲಲ್ಲಿ ಬೆಳೆದ ಮನುಷ್ಯ, ನೀರಿನ ವಿಷ್ಯ ಅಂದ್ರೆ ಬರ್ತಾರೆ ಅಂತ ಕರ್ಕೊಂಡು ಹೋದ್ವಿ. ಅವತ್ತಿಂದ ನಂಗೆ ಒಂದೇ ಯೋಚನೆ, ನಮ್ಮ ಕರ್ನಾಟಕದಲ್ಲಿ ಮಕ್ಕಳು ಕೈಹಾಕಿ, ತಿರುಗಿಸಿ, ಒದ್ದೆಯಾಗಿ ನೀರಿನ ವಿಷ್ಯ ಕಲಿಯೋ ಒಂದು ಜಾಗ ಬೇಕು, ಅದೂ ಬೇಗ ಬೇಕು. ಯಾಕೆ ಬೇಗ ಅಂತ ಮುಂದೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದ್ಲು ಆ ಮೆಷಿನ್ ಬಗ್ಗೆ. ಹೊರಗಿಂದ ನೋಡಿದ್ರೆ ಕೋಟೆ ಬುರುಜು ಥರ ದುಂಡಗಿನ ಕಟ್ಟಡ. ಅದರ ಕಿಟಕಿಗಳಿಂದ ಎಂಟು ಕಬ್ಬಿಣದ ತೊಲೆಗಳು ಹೊರಗೆ ಚಾಚಿಕೊಂಡಿವೆ, ಒಂದೊಂದ್ರ ತುದಿಗೂ ಒಂದೊಂದು ಪಂಪು. ಒಳಗೆ ನಿಂತಿರೋ ಸಿಲಿಂಡರ್ 3.66 ಮೀಟರ್ ಅಗಲ, ಅದರೊಳಗೆ ಇನ್ನೊಂದು ಚಿಕ್ಕ ಸಿಲಿಂಡರ್. ಇಂಗ್ಲೆಂಡಿನ ಕಾರ್ನ್‌ವಾಲಲ್ಲಿ, ಗಣಿ ನೀರೆತ್ತೋ ಎಂಜಿನ್ ಮಾಡ್ತಿದ್ದ ಹಾರ್ವೆ ಕಂಪನಿಯಲ್ಲಿ ಮಾಡಿಸಿದ್ದು. ಇಷ್ಟು ದೊಡ್ಡ ಸಿಲಿಂಡರಿನ ಸ್ಟೀಮ್ ಎಂಜಿನ್ ಪ್ರಪಂಚದಲ್ಲಿ ಇನ್ನೊಂದಿಲ್ಲ. ಕೆಲ್ಸ ಮಾಡೋ ರೀತಿ ಕೇಳಿ, ಹಬೆ ನೇರವಾಗಿ ನೀರೆತ್ತಲ್ಲ. ಹಬೆ ಮೊದ್ಲು ಒಂದು ಭಾರೀ ತೂಕನ ಮೇಲಕ್ಕೆ ಎತ್ತುತ್ತೆ, ಆಗ ಹೊರಗಿನ ತೊಲೆ ತುದಿಗಳು ಕೆಳಗಿಳಿದು ಪಂಪು ತುಂಬುತ್ತೆ, ಆಮೇಲೆ ಆ ತೂಕ ಇಳಿಯುವಾಗ ಎಂಟೂ ಪಂಪು ಒಟ್ಟಿಗೆ ನೀರನ್ನ ಮೇಲಕ್ಕೆ ಎಳ್ಕೊಳ್ತವೆ. ಒಂದು ಪಂಪಿಗೆ ಒಂದ್ಸಲಕ್ಕೆ 8,000 ಲೀಟರ್, ಎಂಟಕ್ಕೆ 64,000, ನಿಮಿಷಕ್ಕೆ ಐದು ಸಲ. ಈಗ ಹಬೆ ಇಲ್ಲ, ಹೈಡ್ರಾಲಿಕ್ಕಲ್ಲಿ ಓಡಿಸಿ ತೋರಿಸ್ತಾರೆ, ಆದ್ರೂ ಆ ತೊಲೆಗಳು ನಿಧಾನಕ್ಕೆ ಏಳೋದು ನೋಡ್ತಾ ಅಮ್ಮ "ಏತ ಇದ್ದಂಗೈತಲ್ಲ" ಅಂದ್ರು. ಸರಿಯಾಗೇ ಹೇಳಿದ್ರು. ಬಾವಿ ಏತದಲ್ಲಿ ಒಬ್ಬ ಮನುಷ್ಯ ತೊಲೆ ಮೇಲೆ ಹಿಂದೆ ಮುಂದೆ ನಡೆದು ಭಾರ ಹಾಕ್ತಿದ್ದ, ಇಲ್ಲಿ ಆ ಕೆಲ್ಸ ಹಬೆಗೆ ಕೊಟ್ಟಿದ್ದಾರೆ.

ಇಂಥವು ಮೂರು ಕಟ್ಟಿದ್ರು. 1836ರಲ್ಲಿ ನವೆಂಬರ್ ಒಂದ್ಸಲ, ಡಿಸೆಂಬರ್ ಒಂದ್ಸಲ ಬಿರುಗಾಳಿ ಬಂದು ಈ ಸರೋವರದ ನೀರು ಒಂದ್ಸಲ ಆಮ್‌ಸ್ಟರ್‌ಡ್ಯಾಮ್ ಬಾಗಿಲಿಗೆ, ಇನ್ನೊಂದ್ಸಲ ಲೈಡನ್ ಊರೊಳಕ್ಕೆ ನುಗ್ಗಿತು. ಅದಕ್ಕೂ ಮುಂಚೆ ನೂರಾರು ವರ್ಷದಿಂದ ದಡ ಕೊರೆದು ಊರುಗಳನ್ನೇ ನುಂಗ್ತಿತ್ತು, ಜನ ಅದಕ್ಕೆ ನೀರುತೋಳ ಅಂತ ಹೆಸರಿಟ್ಟಿದ್ರು. ಕೊನೆಗೆ ಖಾಲಿ ಮಾಡಿಬಿಡೋಣ ಅಂತ ತೀರ್ಮಾನ ಮಾಡಿ, ಸುತ್ತ ಸುಮಾರು 60 ಕಿಲೋಮೀಟರ್ ಕಾಲುವೆ ತೋಡಿ, ಏರಿ ಕಟ್ಟಿ, ಹಗಲೂ ರಾತ್ರಿ ಪಂಪ್ ಮಾಡಿ, 1852ರಲ್ಲಿ ನೆಲ ಕಂಡ್ರು. ಮೂರೂ ಪಂಪ್‌ಹೌಸಿಗೆ ನೀರು ತೆಗೆಯೋ ಯೋಜನೆ ಹಾಕಿದ ದೊಡ್ಡವರ ಹೆಸರಿದೆ. ಮಣ್ಣು ಅಗೆದ ಸಾವಿರಾರು ಕೂಲಿಗಳ ಹೆಸರು ಯಾವುದಕ್ಕೂ ಇಲ್ಲ. ಮೊದಮೊದ್ಲು ಬಂದು ನೆಲೆಸಿದವ್ರಲ್ಲಿ ಕಾಲರಾಕ್ಕೆ ಎಷ್ಟೋ ಜನ ಹೋದ್ರು. ನಮ್ಮ ಕಡೆ ಕೆರೆ ಕಟ್ಟಿದ ರಾಜನ ಶಾಸನ ಇರುತ್ತೆ, ಮಣ್ಣು ಹೊತ್ತ ವಡ್ಡರ ಹೆಸರು ಎಲ್ಲಿರುತ್ತೆ ಹೇಳಿ? ಈ ವಿಷ್ಯದಲ್ಲಿ ಎರಡು ದೇಶಾನೂ ಒಂದೇ.

ಒಳಗೆ ನೆದರ್‌ಲ್ಯಾಂಡ್ಸಿನ ದೊಡ್ಡ ಮಾಡೆಲ್ ಒಂದಿದೆ. ಏರಿಗಳು, ಪಂಪುಗಳು ಇಲ್ದಿದ್ರೆ ದೇಶದಲ್ಲಿ ಎಷ್ಟು ಭಾಗ ಮುಳುಗುತ್ತೆ ಅಂತ ತೋರಿಸುತ್ತೆ. ನೀರು ಮೆಲ್ಲಗೆ ಏರಿ ಏರಿ ಒಂದೊಂದೇ ಊರು ಕಾಣೆಯಾಗುತ್ತೆ. ಮಗಳು ನಮ್ಮನೆ ಎಲ್ಲಿ ಅಂತ ಬೆರಳಿಟ್ಟು ಹುಡುಕಿದ್ಲು, ಬೆರಳಿಟ್ಟ ಜಾಗ ಆಗ್ಲೇ ನೀರೊಳಗಿತ್ತು. ಮತ್ತೆ ಮತ್ತೆ ನೋಡಿದ್ಲು. 1953 ಫೆಬ್ರವರಿ 1ರ ರಾತ್ರಿ ಇಲ್ಲಿನ ನೈಋತ್ಯ ಭಾಗದಲ್ಲಿ ಏರಿ ಒಡೆದು 1,836 ಜನ ಸತ್ತಿದ್ದನ್ನ ನಾನು ಅವಳಿಗೆ ಎಷ್ಟೋ ಸಲ ಹೇಳಿದೀನಿ, ಸ್ಕೂಲಲ್ಲೂ ಹೇಳಿರ್ತಾರೆ, ಆದ್ರೆ ಅವಳ ತಲೆಗೆ ಹೋಗಿದ್ದು ಅವತ್ತು, ಬೆರಳು ತೇವ ಆದ್ಮೇಲೆ.

ಅಪ್ಪ ಆ ಮಾಡೆಲ್ ಸುತ್ತ ಒಂದು ಸುತ್ತು ಹಾಕಿ ಬಂದು ಕೇಳಿದ್ರು, "ಇದಕ್ಕೆ ಕೋಡಿ ಎಲ್ಲೈತಮ್ಮ?"

ಕೋಲಾರದ ಕಡೆಯವರಿಗೆ ಈ ಪ್ರಶ್ನೆ ಅರ್ಥ ಆಗುತ್ತೆ. ನಮ್ಮ ಕೆರೆ ತುಂಬಿದ್ರೆ ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುತ್ತೆ, ಅದು ತುಂಬಿದ್ರೆ ಅದರ ಕೆಳಗಿನದಕ್ಕೆ, ಹೀಗೆ ಸಾಲು ಕೆರೆ. ಇಳಿಜಾರು ನೋಡಿ ಕಟ್ಟಿರೋದ್ರಿಂದ ಯಾರೂ ಎತ್ತಬೇಕಿಲ್ಲ. ಇಲ್ಲಿ ಕೋಡಿ ಇಲ್ಲ. ಮಳೆ ಬಂದ್ರೂ, ನೆಲದೊಳಗಿಂದ ಜಿನುಗಿದ್ರೂ ಪ್ರತಿ ಹನಿನೂ ಎತ್ತಿ ಮೇಲಿನ ಕಾಲುವೆಗೆ ಹಾಕ್ಬೇಕು, ಇವತ್ತೂ ಹಾಕ್ತಿದ್ದಾರೆ, ಕರೆಂಟು ಡೀಸೆಲ್ ಪಂಪಲ್ಲಿ. ನಾನು ವಿವರಿಸಿದ್ಮೇಲೆ ಅಪ್ಪ ಸುಮಾರು ಹೊತ್ತು ಯೋಚನೆ ಮಾಡಿ "ಹಂಗಾದ್ರೆ ಬೆಂಗಳೂರೂ ಇಂಥದ್ದೇ ಅಲ್ವಾ, ಪಂಪು ನಿಂತ್ರೆ ಮುಗೀತು" ಅಂದ್ರು.

ಎಂಥಾ ಮಾತು ಅದು. ಬೆಂಗಳೂರಿರೋದು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಇಲ್ಲಿಗೂ ಅಲ್ಲಿಗೂ ಏನೇನೂ ಹೋಲಿಕೆ ಇಲ್ಲ ಅನ್ಸುತ್ತೆ, ಆದ್ರೆ 1974ರಿಂದ ಕಾವೇರಿ ನೀರನ್ನ ಸುಮಾರು 100 ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಹತ್ರತ್ರ 500 ಮೀಟರ್ ಎತ್ತಿ ಎತ್ತಿ ತರ್ತಿದ್ದಾರೆ. 2024 ಅಕ್ಟೋಬರಲ್ಲಿ ಈ ಕಾವೇರಿ ಯೋಜನೆಯ ಐದನೇ ಹಂತ ಶುರುವಾಯ್ತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಸಾವಿರ ಲೀಟರ್ ನೀರನ್ನ 500 ಮೀಟರ್ ಎತ್ತೋಕೆ ಬರೀ ಲೆಕ್ಕದ ಪ್ರಕಾರನೇ ಸುಮಾರು 1.4 ಯೂನಿಟ್ ಕರೆಂಟ್ ಬೇಕು, ಪಂಪಲ್ಲಿ ಪೈಪಲ್ಲಿ ಹೋಗೋ ನಷ್ಟ ಸೇರಿಸಿದ್ರೆ ಇನ್ನೂ ಜಾಸ್ತಿ. ಮನೆ ಮೇಲಿನ ಸಿಂಟೆಕ್ಸ್ ಒಂದ್ಸಲ ತುಂಬೋದಂದ್ರೆ ಇದು. ಬೆಂಗಳೂರಲ್ಲಿ ಹುಟ್ಟಿ ಬೆಳೆದ ಎಷ್ಟು ಮಕ್ಕಳಿಗೆ ಇದು ಗೊತ್ತು? ಮಕ್ಕಳ ಮಾತು ಬಿಡಿ, ದೊಡ್ಡವರಿಗೆ? 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದವ್ರೂ ಸರ್ಕಾರಕ್ಕೆ ಬೈದ್ರು, ಪಕ್ಕದ ಅಪಾರ್ಟ್‌ಮೆಂಟಿಗೆ ಬೈದ್ರು, ನೀರು ಯಾವ ದಾರಿಲಿ ಮನೆಗೆ ಬರುತ್ತೆ ಅಂತ ಹೇಳಿದವ್ರು ಬಹಳ ಕಮ್ಮಿ.

ಕತೆ ಅಲ್ಲಿಗೇ ಮುಗಿಯಲ್ಲ. ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ನಮ್ಮ ಕೋಲಾರದ ಕೆರೆಗಳಿಗೆ ಪಂಪ್ ಮಾಡ್ತಿದ್ದಾರೆ. ಬತ್ತಿ ಬಿರುಕು ಬಿಟ್ಟಿದ್ದ ಕೆರೆಗಳು ತುಂಬಿವೆ, ರೈತರಿಗೆ ಜೀವ ಬಂದಿದೆ, ಅದನ್ನ ಇಲ್ಲ ಅನ್ನಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಮ್ಮೋರು ಕೇಳ್ತಿರೋದೂ ನ್ಯಾಯವೇ, ನಾನು ಅವರ ಕಡೆನೇ. ನಾನು ಹೇಳ್ತಿರೋದು ಏನಂದ್ರೆ, ಕೊಡಗಲ್ಲಿ ಬಿದ್ದ ಮಳೆ ಎಲ್ಲೆಲ್ಲೋ ಎತ್ತಿ ಇಳಿಸಿ ನಮ್ಮೂರ ಕೆರೆಗೆ ಬರ್ತಿದೆ, ಕೆರೆ ದಡದಲ್ಲಿ ಆಡೋ ಮಗುಗೆ ಇದನ್ನ ತೋರಿಸೋ ಒಂದು ಮಾಡೆಲ್, ಒಂದು ಬೋರ್ಡೂ ಇಲ್ಲ.

"ಮೊದ್ಲು ನೀರು ಕೊಡಿ, ಆಮೇಲೆ ಮ್ಯೂಸಿಯಂ" ಅಂತ ನನ್ನ ಫ್ರೆಂಡ್ ಒಬ್ರು ಹೇಳಿದ್ರು. ಇದಕ್ಕೆ ನನ್ನ ಉತ್ತರ ಈ ದೇಶದ ಇನ್ನೊಂದು ವ್ಯವಸ್ಥೆಲಿದೆ. ಇಲ್ಲಿ ನೀರು ನೋಡ್ಕೊಳ್ಳೋಕೇ ಬೇರೆ ಚುನಾಯಿತ ಮಂಡಳಿಗಳಿವೆ, ವಾಟರ್‌ಸ್ಖಾಪ್ ಅಂತಾರೆ, ಇಡೀ ದೇಶಕ್ಕೆ 21. ನಮ್ಮ ಏರಿಯಾದ್ದು ರೈನ್‌ಲ್ಯಾಂಡ್, 13ನೇ ಶತಮಾನದಿಂದ ಇದೆ. ಪ್ರತಿ ಮನೆಗೂ ವರ್ಷ ವರ್ಷ ಟ್ಯಾಕ್ಸ್ ಬಿಲ್ ಬರುತ್ತೆ, ನಾಕು ವರ್ಷಕ್ಕೊಂದ್ಸಲ ಎಲೆಕ್ಷನ್. ನಂದು ಇಂಡಿಯನ್ ಪಾಸ್‌ಪೋರ್ಟ್, ಇಲ್ಲಿನ ಪಾರ್ಲಿಮೆಂಟಿಗೆ ಓಟ್ ಹಾಕಂಗಿಲ್ಲ, ಆದ್ರೆ ವಾಟರ್‌ಸ್ಖಾಪಿಗೆ ಹಾಕ್ಬಹುದು, 2023 ಮಾರ್ಚಲ್ಲಿ ಹಾಕಿದೀನಿ. ಏರಿ ಒಡೆದ್ರೆ ನಾನೂ ಮುಳುಗ್ತೀನಿ, ಅದಕ್ಕೆ ನಂಗೂ ಓಟು. ಜನ ಪ್ರತಿ ವರ್ಷ ಗೊಣಗ್ತಾನಾದ್ರೂ ಆ ದುಡ್ಡು ಕಟ್ಟೋದು ಯಾಕಂದ್ರೆ ಸಣ್ಣೋರಿದ್ದಾಗಲೇ ಇಂಥ ಜಾಗಗಳಿಗೆ ಹೋಗಿ ಪಂಪು ನಿಂತ್ರೆ ಏನಾಗುತ್ತೆ ಅಂತ ಕಣ್ಣಾರೆ ನೋಡಿರ್ತಾರೆ. ಈ ಪಂಪ್‌ಹೌಸ್ 1933ರಲ್ಲಿ ಕೆಲ್ಸ ನಿಲ್ಲಿಸಿದಾಗ ಒಡೆದು ಗುಜರಿಗೆ ಹಾಕ್ಬೇಕಿತ್ತು, ಇಲ್ಲಿನ ಎಂಜಿನಿಯರ್‌ಗಳ ಸಂಘದವ್ರು ನಿಂತು ಉಳಿಸಿದ್ರು. ಆಗ ಎಲ್ರೂ ಮೊದ್ಲು ಹೊಸ ಪಂಪ್, ಆಮೇಲೆ ಮ್ಯೂಸಿಯಂ ಅಂತ ಕೂತಿದ್ರೆ ಇವತ್ತು ನನ್ನ ಮಗಳು ನೋಡೋಕೆ ಏನೂ ಇರ್ತಿರ್ಲಿಲ್ಲ.

ಈಗ ಬೇಗ ಯಾಕೆ ಅನ್ನೋದಕ್ಕೆ ಬರ್ತೀನಿ. ವಾಪಸ್ ಬರುವಾಗ ಬಸ್ಸಲ್ಲಿ ಮಗಳು "ತಾತ, ನಿಮ್ಮೂರಲ್ಲಿ ನೀರು ಯಾರು ಬಿಡ್ತಿದ್ರು?" ಅಂತ ಕೇಳಿದ್ಲು. ಅಪ್ಪ ಶುರು ಮಾಡಿದ್ರು ನೋಡಿ, ಮನೆ ಬಂದ್ರೂ ನಿಲ್ಸಲಿಲ್ಲ. ನೀರುಗಂಟಿ ಅನ್ನೋರು ಏರಿ ಮೇಲೆ ದಿನಾ ಓಡಾಡಿ ಇಲಿ ಬಿಲ, ಏಡಿ ಬಿಲ ಹುಡುಕಿ ಮುಚ್ತಿದ್ದಿದ್ದು, ಕೆರೆ ತುಂಬಿದಾಗ ನೀರೊಳಗೆ ಮುಳುಗಿ ತೂಬಿನ (ಕೆರೆ ನೀರು ಹೊರಗೆ ಬಿಡೋ ಕಿಂಡಿ) ಬಿರಡೆ ಎತ್ತುತಿದ್ದಿದ್ದು, ಮೊದ್ಲು ಯಾವ ಗದ್ದೆ, ಆಮೇಲೆ ಯಾವ ಗದ್ದೆ ಅಂತ ಅವ್ರೇ ಮಡೆ ತಿರುಗಿಸ್ತಿದ್ದಿದ್ದು, ಜಮೀನ್ದಾರ ಬಂದು ಕೂಗಾಡಿದ್ರೂ ಸರದಿ ತಪ್ಪಿಸ್ತಿರಲಿಲ್ಲ ಅಂತ. ಕೆರೆಲಿ ನೀರು ಕಮ್ಮಿ ಇದ್ದ ವರ್ಷ ಊರೋರೆಲ್ಲ ಏರಿ ಮೇಲೆ ಸೇರಿ ಯಾರ್ಯಾರು ಎಷ್ಟು ನಾಟಿ ಹಾಕ್ಬೇಕು ಅಂತ ಮಾತಾಡ್ಕೊಳ್ತಿದ್ರಂತೆ, ನೀರು ಎಷ್ಟು ದಿನಕ್ಕೆ ಬರುತ್ತೆ ಅನ್ನೋ ಅಂದಾಜು ಮಾತ್ರ ನೀರುಗಂಟಿದೇ. ಸಂಬಳ ಇಲ್ಲ, ಸುಗ್ಗಿಲಿ ಕಣಕ್ಕೆ ಬಂದು ಆಯ ಅಂತ ದವಸದ ಪಾಲು ತಗೊಂಡು ಹೋಗೋದು. ಬಹಳ ಊರುಗಳಲ್ಲಿ ಈ ಕೆಲ್ಸ ದಲಿತ ಮನೆತನಗಳದ್ದು. ಇಡೀ ಊರಿನ ಅನ್ನ ಅವ್ರ ಕೈಲಿತ್ತು, ಆದ್ರೆ ಊರೊಳಗೆ ಅವರನ್ನ ಕೂರಿಸ್ತಿರಲಿಲ್ಲ. ಮ್ಯೂಸಿಯಂ ಮಾಡೋದಾದ್ರೆ ಇದನ್ನೂ ಮುಚ್ಚಿಡ್ದೆ ಹೇಳ್ಬೇಕು.

ಬೋರ್‌ವೆಲ್ ಬಂತು, ಸಾವಿರ ಅಡಿ ದಾಟಿತು, ಫ್ಲೋರೈಡ್ ನೀರು ಬಂತು, ಕೆರೆ ಕೇಳೋರಿಲ್ಲದಂಗಾಯ್ತು, ನೀರುಗಂಟಿ ಮಕ್ಕಳು ಗಾರ್ಮೆಂಟ್ಸ್‌ಗೆ, ಕಟ್ಟಡದ ಕೆಲ್ಸಕ್ಕೆ ಹೋದ್ರು. ತೂಬು ಎತ್ತಿ ಗೊತ್ತಿರೋವ್ರು ಈಗ ಅಪ್ಪನ ವಯಸ್ಸಿನೋರು. ಬಿರಡೆ ಎಷ್ಟು ಎತ್ತಿದ್ರೆ ಕೊನೇ ಗದ್ದೆಗೆ ನೀರು ತಲುಪುತ್ತೆ ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ, ಅವರ ಕೈಲಿದೆ ಅಷ್ಟೇ.

ಹೊಸ ಬಿಲ್ಡಿಂಗ್ ಏನೂ ಬೇಕಿಲ್ಲ. ಬೆಂಗಳೂರಿಗೆ ಮೊದಲ ನಲ್ಲಿ ನೀರು ಬಂದಿದ್ದು 1896ರಲ್ಲಿ ಹೆಸರಘಟ್ಟದಿಂದ, ಆ ದಾರಿಲಿ ಸೋಲದೇವನಹಳ್ಳಿಯ ಹಳೇ ಪಂಪ್‌ಹೌಸ್ ಇದೆ. ಕೆಜಿಎಫ್ ಗಣಿಗೆ ನೀರು ಕೊಟ್ಟ ಬೇತಮಂಗಲ ಕೆರೆ ಇದೆ. ಇವೆರಡರಲ್ಲಿ ಒಂದು ಕಡೆ ಶುರು ಮಾಡ್ಲಿ. ಕಲ್ಲಿನ ನಿಜವಾದ ತೂಬು ಒಂದು, ಮಕ್ಕಳು ಬಿರಡೆ ಎತ್ತಿ ಕೆಳಗೆ ನಾಕೈದು ಪುಟ್ಟ ಮಡಿಗಳಿಗೆ ಸಮನಾಗಿ ನೀರು ಹಂಚ್ಬೇಕು, ಕೊನೇ ಮಡಿಗೆ ಸಾಲ್ದೆ ಹೋದ್ರೆ ಮತ್ತೆ ಮೊದಲಿಂದ. ಒಂದು ಏತ. ಒಂದು ಕೈಪಂಪು, ಒಂದು ಬಿಂದಿಗೆ ನೀರನ್ನ ಮೂರು ಹಂತದಲ್ಲಿ ಎತ್ತಿ ಮೇಲಿನ ತೊಟ್ಟಿ ತುಂಬಿಸ್ಬೇಕು, ಕಾವೇರಿ ಬರೋ ಥರ, ತೋಳು ನೋಯ್ಲಿ. ಅಡಿಕೆ ಮರ ಸೀಳಿ ನೀರು ಹರಿಸೋ ಮಲೆನಾಡಿನ ದಬ್ಬೆ, ಗುಡ್ಡ ಕೊರೆದು ನೀರು ತರೋ ಕಾಸರಗೋಡಿನ ಸುರಂಗ, ನೆಲದಡಿ ಕಾಲುವೆಯಾದ ಬೀದರಿನ ಕರೇಜ್, ಇವನ್ನೆಲ್ಲಾ ಆಮೇಲೆ ಸೇರಿಸ್ಬಹುದು. ಗೈಡಾಗಿ ನೀರುಗಂಟಿಗಳನ್ನೇ ಇಟ್ಕೊಳ್ಳಿ, ಸರಿಯಾದ ಸಂಬಳ ಕೊಟ್ಟು, ಹೆಸರಿನ ಬ್ಯಾಡ್ಜ್ ಹಾಕಿ, ಅವ್ರು ಹೇಳ್ದಂಗೆ ತೂಬಿನ ಮಾಡೆಲ್ ಮಾಡಿಸಿ.

ಅಪ್ಪ ಊರಿಗೆ ಹೋದ್ಮೇಲೆ ಅಕ್ಕಪಕ್ಕದ ಊರುಗಳಲ್ಲಿ ಈ ಕೆಲ್ಸ ಗೊತ್ತಿರೋವ್ರು ಯಾರ್ಯಾರು ಇದ್ದಾರೆ ಅಂತ ವಿಚಾರಿಸೋಕೆ ಶುರು ಮಾಡಿದಾರೆ, ಒಬ್ಬೊಬ್ರು ಸಿಕ್ತಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡೋರು, ಪಂಚಾಯ್ತಿಲಿ ಇರೋರು, ಸ್ಕೂಲ್ ಟೀಚರ್‌ಗಳು ಇದನ್ನ ಓದ್ತಿದ್ರೆ ನಂಗೊಂದು ಮೆಸೇಜ್ ಹಾಕಿ. ಮೊದ್ಲು ಒಂದೇ ಒಂದು ತೂಬಿನ ಮಾಡೆಲ್, ಒಂದು ಸರ್ಕಾರಿ ಸ್ಕೂಲ್ ಅಂಗಳದಲ್ಲಿ. ಕಲ್ಲು, ಮರ, ಸಿಮೆಂಟಿನ ಖರ್ಚು ನಾವು ಮನೆಯೋರು ನೋಡ್ಕೊಳ್ತೀವಿ, ಅಳತೆ ಹೇಳೋಕೆ ಜನ ಇದ್ದಾರೆ, ಕಟ್ಟೋಕೆ ಕೈ ಬೇಕು.