ಥರ್ಮಾಕೋಲ್ ನೇಗಿಲು

ಸ್ಕೂಲಿನ ವಾಟ್ಸಾಪ್ ಗ್ರೂಪಿಗೆ ಆ ಮೆಸೇಜು ರಾತ್ರಿ ಒಂಬತ್ತೂವರೆಗೇ ಬರುತ್ತದೆ. ಮುಂಚೆ ಬಂದರೆ ತಂದೆತಾಯಿಗೆ ಸಮಯ ಸಿಕ್ಕಿಬಿಡುತ್ತದಲ್ಲ! ‘ನಾಳೆ ರೈತರ ದಿನ. ಎಲ್‌ಕೆಜಿಯಿಂದ ಎರಡನೇ ಕ್ಲಾಸಿನವರೆಗೆ ಎಲ್ಲ ಮಕ್ಕಳೂ ರೈತರ ವೇಷದಲ್ಲಿ ಬರಬೇಕು. ನೇಗಿಲು ಕಡ್ಡಾಯ.’ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಬೈಗುಳವೆಲ್ಲ ಇನ್ನೊಂದು ಗ್ರೂಪಿನಲ್ಲಿ, ಮಿಸ್ ಇಲ್ಲದ ಗ್ರೂಪಿನಲ್ಲಿ.

ಡಿಸೆಂಬರ್ 23 ಮಾಜಿ ಪ್ರಧಾನಿ ಚೌಧರಿ ಚರಣ್ ಸಿಂಗ್ ಹುಟ್ಟಿದ ದಿನ, ಅದಕ್ಕೇ ರೈತರ ದಿನ. ಆಚರಿಸಬೇಕಾದ್ದೇ. ಆದರೆ ನೇಗಿಲು ಎಲ್ಲಿಂದ ತರೋದು? ಕೋಲಾರದ ಕಡೆ ನೇಗಿಲು ಈಗ ಒಂದೋ ಅಟ್ಟದ ಮೇಲೆ, ಇಲ್ಲ ರೆಸಾರ್ಟಿನ ಬಾಗಿಲಲ್ಲಿ. ಹಾಗಾಗಿ ಅಪ್ಪ ಹತ್ತು ಗಂಟೆಗೆ ಸ್ಟೇಷನರಿ ಅಂಗಡಿಯವನನ್ನು ಮನೆಯಿಂದ ಎಬ್ಬಿಸಿ ಥರ್ಮಾಕೋಲ್ ತರುತ್ತಾನೆ. ಅಮ್ಮ ಅದಕ್ಕೆ ಕಂದು ಬಣ್ಣ ಬಳಿಯುತ್ತಾಳೆ. ಹೊಲದಿಂದ ಬಂದ ತಾತ ಮೂಲೆಯಲ್ಲಿ ಕೂತು, ‘ಏನಮ್ಮಾ ಅದು, ಕೊಡಲೀನಾ?’ ಅಂತಾರೆ. ಮಗು ಆಗಲೇ ನಿದ್ದೆ ಹೋಗಿರುತ್ತದೆ. ಕಲಿಕೆ ಅಂದರೆ ಇದು!

ಬೆಳಿಗ್ಗೆ ಬಾಡಿಗೆ ಪಂಚೆ, ಹಸಿರು ಟವೆಲ್, ಕಾಡಿಗೆ ಮೀಸೆ. ನಿಜವಾದ ಕೋಲಾರದ ರೈತ ಬೇಕಿದ್ದರೆ ಬೇರೆ ಸಾಮಾನು ಬೇಕಿತ್ತು. ಔಷಧಿ ಕಂಪನಿಯವರು ಪುಕ್ಕಟೆ ಕೊಟ್ಟ ಟೀ ಶರ್ಟು, ಟೊಮೆಟೊ ರೇಟು ನೋಡಲು ಮೊಬೈಲು, ಜೇಬಿನಲ್ಲಿ ಮಡಚಿಟ್ಟ ಬ್ಯಾಂಕಿನ ನೋಟಿಸು. 2023ರ ಜುಲೈ ನೆನಪಿದೆ ಅಲ್ವಾ? 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ರೈತರ ದಿನ ಆ ತಿಂಗಳು ಬಂದಿದ್ದರೆ ಮಕ್ಕಳು ದೊಣ್ಣೆ, ಟಾರ್ಚು ಹಿಡಿದು ತೋಟ ಕಾಯುವವರ ವೇಷದಲ್ಲಿ ಬರಬೇಕಾಗುತ್ತಿತ್ತು.

ಇನ್ನೂ ಮಜಾ ಇರುವುದು ದಾರಿಯಲ್ಲಿ. ಡಿಸೆಂಬರಿನಲ್ಲಿ ನಮ್ಮ ಹಳ್ಳಿ ರಸ್ತೆಗಳ ಮೇಲೆ ರಾಗಿ ತೆನೆ ಹಾಸಿರುತ್ತಾರೆ, ಗಾಡಿ ಓಡಾಡಿದರೆ ಒಕ್ಕಣೆ ಆಗಲಿ ಅಂತ. ರೈತವೇಷದ ಮಕ್ಕಳನ್ನು ತುಂಬಿಕೊಂಡ ಸ್ಕೂಲ್ ವ್ಯಾನು ಅದರ ಮೇಲೇ ಹೋಗುತ್ತದೆ. ಆ ದಿನ ಇಡೀ ಶಾಲೆಯಲ್ಲಿ ಒಂದಿಷ್ಟು ಬೇಸಾಯ ಮಾಡಿದ್ದು ಆ ವ್ಯಾನಿನ ಟೈರು. ಬಹುಮಾನ ಅದಕ್ಕೇ ಕೊಡಬೇಕಿತ್ತು, ಸುಮ್ನೆ ಮೀಸೆ ದಪ್ಪ ಇದ್ದವನಿಗೆ ಕೊಟ್ಟರು. ಮಕ್ಕಳನ್ನು ಕೆಳಗಿಳಿಸಿ ಒಂದು ಹಿಡಿ ರಾಗಿ ಕೈಗೆ ಕೊಟ್ಟಿದ್ದರೆ? ಬೇಡ ಬಿಡಿ, ಬಟ್ಟೆ ಕೊಳೆಯಾಗುತ್ತದೆ. ಶ್ರೀನಿವಾಸಪುರದಂಥ ಮಾವಿನ ಊರಲ್ಲೂ ಮ್ಯಾಂಗೋ ಡೇಗೆ ಹಳದಿ ಅಂಗಿ, ಪೇಪರ್ ಮಾವಿನಕಾಯಿ ಸಾಕು ಅನ್ನುವ ಕಾಲ ಇದು. ನಿಜವಾದ ಹಣ್ಣು ಸೋರುತ್ತೆ.

ರೈತರ ಮೇಲೆ ಇಷ್ಟು ಅಭಿಮಾನವಿರುವ ಶಾಲೆಗಳಿಗೆ ಕೈಮುಗಿಯಬೇಕು. ಆದರೆ ಒಂದು ಮಾತು. ಬೆಲೆ ಬಿದ್ದ ವರ್ಷ ಟೊಮೆಟೊ ರಸ್ತೆಗೆ ಸುರಿದು ಬಂದ ರೈತ ಸ್ಕೂಲ್ ಫೀಸಿನ ಎರಡನೇ ಕಂತು ಕಟ್ಟುವುದು ತಡ ಮಾಡಿದರೆ, ಇವುಗಳಲ್ಲೇ ಕೆಲವು ಅವನ ಮಗುವನ್ನು ಟೆಸ್ಟಿನ ದಿನ ಹೊರಗೆ ನಿಲ್ಲಿಸುತ್ತವೆ. ಐದು ವರ್ಷದ ಮಗು ರೀ. ಅದಕ್ಕೆ ಕಂತು ಅಂದರೇನು ಗೊತ್ತು? ತಾನೇನೋ ತಪ್ಪು ಮಾಡಿದ್ದೀನಿ ಅಂದುಕೊಂಡು ಬ್ಯಾಗು ಹಿಡಿದು ನಿಂತಿರುತ್ತದೆ. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ನಾಚಿಕೆಯಾಗಬೇಕು, ಅಷ್ಟೇ.

ಇರಲಿ. ಮಾರ್ಚ್ 22 ಬಂದರೆ ನೀರಿನ ದಿನ. ಮಕ್ಕಳೆಲ್ಲ ನೀಲಿ ಬಟ್ಟೆಯಲ್ಲಿ ನದಿಯಾಗಿ ಬರಬೇಕು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆಯ ಮಕ್ಕಳು! ಅವರು ನೋಡಿರುವುದು ಟ್ಯಾಂಕರು. ಆಮೇಲೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು. ಬೆಂಗಳೂರಿನವರು ಬಳಸಿ ಬಿಟ್ಟ ನೀರು ಎರಡು ಹಂತ ಶುದ್ಧವಾಗಿ 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಆಗಲಿ ಅಂತ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಆ ಲೆಕ್ಕದಲ್ಲಿ ನದಿಯ ಬಟ್ಟೆ ಯಾವ ಬಣ್ಣದ್ದಿರಬೇಕು ಅಂತ ಮಿಸ್‌ನ ಕೇಳುವ ಧೈರ್ಯ ಯಾರಿಗೂ ಇಲ್ಲ.

ಅದು ಮುಗಿಯಿತೋ ಇಲ್ಲವೋ, ಯುಕೆಜಿ ಘಟಿಕೋತ್ಸವ. ಕಪ್ಪು ಗೌನು, ಕಿವಿ ಮುಚ್ಚುವ ಟೋಪಿ, ರಿಬ್ಬನ್ ಕಟ್ಟಿದ ಸುರುಳಿ. ಮಾಜಿ ಯಾರೋ ಒಬ್ಬರು ಬಂದು ದೇಶದ ಭವಿಷ್ಯದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಅಷ್ಟರಲ್ಲಿ ದೇಶದ ಭವಿಷ್ಯ ಎರಡು ಸಲ ಸೂಸೂ ಹೋಗಿ ಬಂದಿರುತ್ತದೆ.

ಇನ್ನು ಸರ್ಕಾರದ ಸರದಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ನಿಯಮ ಮಾಡಿದರು. ಹೆತ್ತವರು ಗಲಾಟೆ ಮಾಡಿದ ಮೇಲೆ 2025ರಲ್ಲಿ, ಆ ವರ್ಷಕ್ಕೆ ಮಾತ್ರ ಅಂತ ಹೇಳಿ, 5 ವರ್ಷ 5 ತಿಂಗಳಿಗೆ ಇಳಿಸಿದರು. ಅದಕ್ಕೂ ವಾರ ಕಡಿಮೆ ಬಿದ್ದ ಮಗುವಿನ ಕಥೆ ಕೇಳಬೇಡಿ. ಪದವಿ ಇದೆ, ಫೋಟೋ ಇದೆ, ಸೀಟಿಲ್ಲ. ಡಿಗ್ರಿ ಹಿಡಿದು ನರಸಾಪುರದ ಫ್ಯಾಕ್ಟರಿ ಗೇಟಿನ ಮುಂದೆ ನಿಲ್ಲುವ ನಮ್ಮ ಹುಡುಗರಿಗೆ ಈ ಅನುಭವ ಆಗಲು ಇಪ್ಪತ್ತೆರಡು ವರ್ಷ ಬೇಕಾಗಿತ್ತು. ಈಗ ಐದಕ್ಕೇ ಆಗುತ್ತಿದೆ.