ಯುದ್ಧವಿಲ್ಲದ ಸೇನೆ ಕಟ್ಟುವ ಬಗೆ

ಯುದ್ಧ ಭರದಿಂದ ಸಾಗಿರುವಾಗಲೇ ಸೈನಿಕರ ಮೇಲೆ ನಗೆ ಧಾರಾವಾಹಿ ತೆಗೆಯಬೇಕು, ಯುದ್ಧದ ಹೆಸರು ಮಾತ್ರ ಎತ್ತಬಾರದು. ಆಗದ ಕೆಲಸ ಅಂದುಕೊಂಡಿರಾ? ಅಮೆರಿಕದ ಸಿಬಿಎಸ್ ವಾಹಿನಿ ಮಾಡಿ ತೋರಿಸಿತ್ತು. ‘ಗೋಮರ್ ಪೈಲ್, ಯು.ಎಸ್.ಎಂ.ಸಿ.’: 1964ರ ಸೆಪ್ಟೆಂಬರಿನಿಂದ 1969ರ ಮೇವರೆಗೆ 150 ಕಂತು. ನಾಯಕ ಅಮೆರಿಕದ ಮೆರೀನ್ ದಳದ (ಹೆಸರಿನ ಯು.ಎಸ್.ಎಂ.ಸಿ. ಅಂದರೆ ಅದೇ, ಹಡಗಿನಿಂದ ದಡಕ್ಕಿಳಿದು ಕಾದಾಡುವ ಪಡೆ) ಸಿಪಾಯಿ. ಆಗ ನಡೆಯುತ್ತಿದ್ದ ವಿಯೆಟ್ನಾಂ ಯುದ್ಧ ಮಾತ್ರ ಕಥೆಯೊಳಗೆ ಕಾಲಿಡಲೇ ಇಲ್ಲ.

ಮೊದಲಿಗೆ ಭೂಪಟದಲ್ಲಿಲ್ಲದ ಒಂದು ಶಿಬಿರ ಬೇಕು. ಇಲ್ಲಿ ಅದು ಕ್ಯಾಲಿಫೋರ್ನಿಯಾದ ‘ಕ್ಯಾಂಪ್ ಹೆಂಡರ್ಸನ್’. ನಿಜವಾದ ಹೆಸರಿಟ್ಟರೆ, ಅಲ್ಲಿಂದ ಹಡಗು ಹತ್ತಿದ ಹುಡುಗರ ಅಪ್ಪ ಅಮ್ಮ ಟಿವಿ ಮುಂದೆ ಕೂತಿರುತ್ತಾರೆ, ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸದಾ ಕಿರುಚುವ ಸಾರ್ಜೆಂಟ್, ಸದಾ ಹಲ್ಲುಕಿರಿಯುವ ಹಳ್ಳಿ ಹೈದ. ಜಗಳಕ್ಕೆ ಅಡುಗೆಮನೆ ಪಾಳಿ, ಬೂಟಿನ ಹೊಳಪು, ತಪಾಸಣೆ, ಸಾರ್ಜೆಂಟನ ಗೆಳತಿ. ಮೇಲೆ ಒಂದು ಹಿಡಿ ರೆಕಾರ್ಡ್ ಮಾಡಿದ ನಗು ಉದುರಿಸಿ. ಗೋಡೆಯ ಕ್ಯಾಲೆಂಡರನ್ನು ಮರೆಯದೆ ತೆಗೆದಿಡಿ.

ಎಡವಟ್ಟಾಗುವುದು ವರ್ಗಾವಣೆಯಲ್ಲಿ. ಆ ಕಾಲದ ಮೆರೀನ್‌ಗೆ ವಿಯೆಟ್ನಾಂ ಪಾಳಿ 13 ತಿಂಗಳು. ಗೋಮರ್ ಐದು ಸೀಸನ್ ಒಬ್ಬನೇ ಸಾರ್ಜೆಂಟನ ಕೈಕೆಳಗೆ ಬೈಸಿಕೊಂಡ. ದಳದ ಗುಮಾಸ್ತರು ಅವನ ಕಡತ ಎಲ್ಲಿ ಕಳೆದರೋ! 1965ರ ಮಾರ್ಚ್ 8ರಂದು ನಿಜವಾದ ಮೆರೀನರು ವಿಯೆಟ್ನಾಮಿನ ಡಾ ನಾಂಗ್ ತೀರದಲ್ಲಿ ಇಳಿದರು. ಆ ಸೆಪ್ಟೆಂಬರಿನ ಎರಡನೇ ಸೀಸನ್ನಿನಿಂದ ಧಾರಾವಾಹಿಗೆ ಬಣ್ಣ ಬಂತು, ಯುದ್ಧ ಬರಲಿಲ್ಲ.

1968ರ ಫೆಬ್ರವರಿಯಲ್ಲಿ ವಿಯೆಟ್ನಾಮಿನ ಹ್ಯುವೆ ನಗರದಲ್ಲಿ ಮೆರೀನರು ಬೀದಿ ಬೀದಿಯಲ್ಲಿ ಕಾದಾಡುತ್ತಿದ್ದರು. 27ರಂದು ಇದೇ ಸಿಬಿಎಸ್‌ನ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಗೆಲುವಿಲ್ಲದೆ ಸಿಕ್ಕಿಬಿದ್ದಿದೆ ಎಂಬರ್ಥದ ಮಾತಾಡಿದರು. ಒಂದೇ ವಾಹಿನಿಗೆ ಎರಡು ಮೆರೀನ್ ದಳ: ಸುದ್ದಿಯದು ಸಾಯುತ್ತಿತ್ತು, ಹಾಸ್ಯದ್ದು ಆಲೂಗಡ್ಡೆ ಸುಲಿಯುತ್ತಿತ್ತು. 1968–69ರ ಪ್ರೇಕ್ಷಕ ಪಟ್ಟಿಯಲ್ಲಿ ಗೋಮರ್‌ಗೆ ಎರಡನೇ ಸ್ಥಾನ. ಜಾಣಕುರುಡಿಗೆ ಇಷ್ಟು ಒಳ್ಳೆಯ ಸಂಬಳ ಬೇರೆಲ್ಲೂ ಸಿಗದು.

ಯುದ್ಧವಿಲ್ಲದೆ ಸಮವಸ್ತ್ರ ಬೆಪ್ಪಾಗಿ ಕಾಣುತ್ತದೆ ಅನ್ನಿಸಿದರೆ ಹಳೇ ಯುದ್ಧ ತನ್ನಿ, ಮುಗಿದದ್ದು ಕಚ್ಚುವುದಿಲ್ಲ. ‘ಮೆಕ್‌ಹೇಲ್ಸ್ ನೇವಿ’, ‘ಹೋಗನ್ಸ್ ಹೀರೋಸ್’ ಎಂಬ ನಗೆ ಧಾರಾವಾಹಿಗಳು ಎರಡನೇ ಮಹಾಯುದ್ಧದಲ್ಲಿ ಆರಾಮವಾಗಿ ಅಡಗಿಕೊಂಡವು. ಹೋಗನ್‌ನ ನಾಜಿ ಸೆರೆ ಶಿಬಿರದ ತಮಾಷೆ ಪ್ರೈಮ್ ಟೈಮಿಗೆ ಸಲ್ಲುತ್ತಿತ್ತು, ವಿಯೆಟ್ನಾಂ ಎಂಬ ಶಬ್ದ ಸಲ್ಲುತ್ತಿರಲಿಲ್ಲ. ರಣರಂಗದ ಆಸ್ಪತ್ರೆಯ ಕಥೆಯಾದ 1972ರ ‘ಮ್ಯಾಶ್’ ಇನ್ನೂ ಚಾಲಾಕಿ: ವಿಯೆಟ್ನಾಮಿನ ಸಿಟ್ಟಿಗೆ ಕೊರಿಯಾದ ಕೋಟು ತೊಡಿಸಿತು. 37 ತಿಂಗಳ ಕೊರಿಯಾ ಯುದ್ಧ 11 ಸೀಸನ್ ಎಳೆಯಿತು. ಅಲ್ಲಿಯೂ ವಾಹಿನಿಗೆ ನಗುವಿನ ಟ್ರ್ಯಾಕ್ ಬೇಕೇ ಬೇಕಿತ್ತು. ತಯಾರಕರು ಚೌಕಾಸಿ ಮಾಡಿ ಶಸ್ತ್ರಚಿಕಿತ್ಸಾ ಕೋಣೆಯೊಂದನ್ನು ಉಳಿಸಿಕೊಂಡರು: ಹೊಟ್ಟೆ ತೆರೆದಾಗ ನಗುವಂತಿಲ್ಲ, ಹೊಲಿಗೆ ಹಾಕಿ ಹೊರಗೆ ಬಂದಮೇಲೆ ನಗಬಹುದು.

ಗೋಮರ್ ಕೊನೆಯ ಕಂತಿನವರೆಗೂ ಲ್ಯಾನ್ಸ್ ಕಾರ್ಪೊರಲ್ ಎಂಬ ಸಣ್ಣ ಹುದ್ದೆಗೂ ಏರಲಿಲ್ಲ. ಆ ಪಾತ್ರ ಮಾಡಿದ ನಟ ಜಿಮ್ ನೇಬರ್ಸ್ ಮಾತ್ರ ಏರಿದರು. 2001ರಲ್ಲಿ ಮೆರೀನ್ ದಳ ಅವರಿಗೆ ಆ ಪದವಿಯನ್ನು ಗೌರವಾರ್ಥ ಕೊಟ್ಟಿತು, 2007ರಲ್ಲಿ ಕಾರ್ಪೊರಲ್ ಮಾಡಿತು. ಬಡ್ತಿಗೆ ವಿಯೆಟ್ನಾಂ ಪಾಳಿ ಯಾರೂ ಕೇಳಲಿಲ್ಲ.