ಡೈವೋರ್ಸಿಗೆ ಸೂತಕ ಇಲ್ಲ

ಸಾವಾದ ಮನೆಯಲ್ಲಿ ಅಳುವುದಕ್ಕೆ ಒಂದು ವ್ಯವಸ್ಥೆ ಇದೆ. ಹನ್ನೊಂದನೇ ದಿನ, ಹದಿಮೂರನೇ ದಿನ, ಆಮೇಲೆ ವರ್ಷದ ತಿಥಿ. ಪಕ್ಕದ ಮನೆಯವರು ಊಟ ಕಳಿಸುತ್ತಾರೆ. ಮದುವೆ ಮುಂಜಿಗೆ ಬರಲಿಲ್ಲ ಅಂತ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಡೈವೋರ್ಸ್ ಆದವರಿಗೆ ಇದ್ಯಾವುದೂ ಇಲ್ಲ. ಕೋರ್ಟಿನಿಂದ ಆಟೋ ಹಿಡಿದು ಮನೆಗೆ ಬಂದು, ಮಾರನೇ ಬೆಳಿಗ್ಗೆ ಆಫೀಸಿನಲ್ಲಿ ಬೆರಳು ಒತ್ತಬೇಕು. ನಾನೂ ಹಾಗೇ ಹೋದವಳು.

1967ರಲ್ಲಿ ಹೋಮ್ಸ್ ಮತ್ತು ರಾಹೆ ಅನ್ನುವ ಅಮೆರಿಕದ ಇಬ್ಬರು ಮನೋವೈದ್ಯರು ಬದುಕಿನ ಪೆಟ್ಟುಗಳಿಗೆಲ್ಲ ಅಂಕ ಕೊಟ್ಟು ಪಟ್ಟಿ ಮಾಡಿದ್ದರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಅದರ ನಂತರದ್ದೇ ಡೈವೋರ್ಸ್, 73. ಜೈಲಿಗೆ ಹೋಗುವುದಕ್ಕೂ ಅದಕ್ಕಿಂತ ಕಡಿಮೆ! ಇಷ್ಟು ದೊಡ್ಡ ಪೆಟ್ಟು ತಿಂದವರಿಗೆ ನಮ್ಮ ಜನ ಹೇಳುವುದೇನು? ‘ಕೇಸ್ ಮುಗೀತಲ್ಲ, ಇನ್ನೇನು?’

ಕೇಸಿನ ಗಡಿಯಾರ ಬೇರೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿದ್ದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಸೂಕ್ತ ಕಾರಣ ಇದ್ದರೆ ಈ ಆರು ತಿಂಗಳನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆ ಕಾಯುವಿಕೆ ಇರುವುದು ಮನಸ್ಸು ಬದಲಾದೀತೇನೋ ಎಂದು ನೋಡುವುದಕ್ಕೆ, ಗಾಯ ಮಾಯುವುದಕ್ಕಲ್ಲ. ಡಿಕ್ರಿ ಕೈಗೆ ಬಂದ ದಿನವೇ ಎಷ್ಟೋ ಜನರಿಗೆ ಅಳು ಶುರುವಾಗುತ್ತದೆ. ಅಲ್ಲಿಯವರೆಗೆ ವಕೀಲರು, ಡೇಟು, ಜೀವನಾಂಶದ ಲೆಕ್ಕ ಅಂತ ಅಳುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಅದಕ್ಕೇ ನಾನು ಹೇಳುವುದು, ಯಾರೂ ಕೊಡದ ಸೂತಕವನ್ನು ನೀವೇ ಹಾಕಿಕೊಳ್ಳಿ. ಒಂದು ವರ್ಷ ಮದುವೆ ಮನೆಗೆ ಹೋಗಬೇಡಿ. ಫ್ಯಾಮಿಲಿ ಗ್ರೂಪನ್ನು ಮ್ಯೂಟ್ ಮಾಡಿ. ದಿನಾ ಅನ್ನ ಸಾರೇ ಮಾಡಿದರೂ ಪರವಾಗಿಲ್ಲ. (ಒಂದೇ ಒಂದು ಕೆಲಸ ಮುಂದೂಡಬೇಡಿ: ಬ್ಯಾಂಕು, ಪಿಎಫ್, ಎಲ್‌ಐಸಿಯಲ್ಲಿ ನಾಮಿನಿ ಯಾರಿದ್ದಾರೆ ನೋಡಿ.)

ನಿಜವಾದ ಕಷ್ಟ ಇರುವುದು ತಲೆಯೊಳಗೆ. ‘ಅಷ್ಟು ಕಷ್ಟ ಕೊಟ್ಟವನನ್ನು ನೆನೆಸಿಕೊಂಡು ಅಳ್ತೀಯಾ?’ ಅಂತ ಅಕ್ಕ ಕೇಳಿದರೆ ಒಂದು ಮಾತು. ಅದನ್ನೇ ರಾತ್ರಿ ಎರಡು ಗಂಟೆಗೆ ನಮಗೆ ನಾವೇ ಕೇಳಿಕೊಳ್ಳುತ್ತೇವಲ್ಲ, ಅದು ಜಾಸ್ತಿ ಕ್ರೂರ. ಬೇಡ ಅಂತ ನಾವೇ ಬಿಟ್ಟು ಬಂದ ಮದುವೆಯೂ ನೆನಪಾಗುತ್ತದೆ. ಸಂಜೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿಗೆ ಹಾಲಿಡುತ್ತೇವೆ. ಹಾಗಂತ ವಾಪಸ್ ಹೋಗಬೇಕು ಅಂತೇನಿಲ್ಲ. ಬಿಟ್ಟಿದ್ದು ತಪ್ಪು ಅಂತಲೂ ಅಲ್ಲ.

ಅರಿಜೋನಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿ 2012ರಲ್ಲಿ ಪ್ರಕಟಿಸಿದ್ದರು. ಬೇರೆಯಾದ 105 ಜನರಿಗೆ ಹಳೆಯ ಸಂಗಾತಿಯ ಬಗ್ಗೆ ನಾಲ್ಕು ನಿಮಿಷ ಮಾತಾಡಲು ಹೇಳಿದರು. ತಮ್ಮ ಬಗ್ಗೆ ಕರುಣೆಯಿಂದ ಮಾತಾಡಿದವರಿಗೆ ಒಂಬತ್ತು ತಿಂಗಳಾದ ಮೇಲೂ ಆ ನೋವಿನ ಕಾಟ ಕಡಿಮೆ ಇತ್ತು. ನಮ್ಮಲ್ಲಿ ಇದಕ್ಕೆ ‘ಮೆತ್ತಗಾಗಿಬಿಟ್ಟಳು’ ಅನ್ನುತ್ತಾರೆ.

‘ನಮ್ಮ ಸಂಸ್ಕೃತಿಯಲ್ಲಿ ಡೈವೋರ್ಸ್ ಇಲ್ಲ’ ಅನ್ನುವವರೂ ಇದ್ದಾರೆ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಕೊಟ್ಟು ಬೇರೆಯಾಗುತ್ತಿದ್ದರು. ಆ ಹೆಂಗಸರಿಗೆ ಉಡಕಿ, ಅಂದರೆ ಮರುಮದುವೆಯೂ ಆಗುತ್ತಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಅಂಥ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಹಾಗಾಗಿ ಆ ಅವಮಾನವನ್ನು ಹೊರುವ ಅಗತ್ಯ ನಿಮಗಿಲ್ಲ.

ಗಂಡಸರ ಕಥೆ ಬೇರೆ ಥರ. ‘ಇನ್ನೊಂದು ಆಗು ಮಾರಾಯ’ ಅಂತ ಬೆನ್ನು ತಟ್ಟಿ ಬಾರಿಗೆ ಕರೆದುಕೊಂಡು ಹೋಗುತ್ತಾರೆ. ಮಗು ನೋಡಲು ವಾರಕ್ಕೊಮ್ಮೆ ಕಾಯುವವನನ್ನು ಹೇಗಿದ್ದೀಯಾ ಅಂತ ಕೇಳುವವರು ಕಡಿಮೆ.

ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಬದುಕೇ ಸಾಕು ಅನಿಸುತ್ತಿದ್ದರೆ, ಸುಮ್ನೆ ಕೂರಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮನೆಯವರಿಗೆ. ಗೌರಿ ಹಬ್ಬಕ್ಕೆ ಅವಳನ್ನೂ ಕರೆಯಿರಿ, ಅರಿಶಿನ ಕುಂಕುಮ ಎಲ್ಲರಂತೆ ಅವಳಿಗೂ ಕೊಡಿ. ಬರಲ್ಲ ಅಂದರೆ ಯಾಕೆ ಅಂತ ಕೇಳದೆ ಒಂದು ಡಬ್ಬಿಯಲ್ಲಿ ಹೋಳಿಗೆ ಕಳಿಸಿ. ಹೊಸ ಗಂಡಿನ ಫೋಟೋ ಮಾತ್ರ ಅದರ ಜೊತೆ ಬೇಡ.